ಗಾಜಿನ ತಟ್ಟೆಯಲ್ಲಿ ಗೆದ್ದ ಎಲೆ

ಕೇಳುಗರಿಗೆ ನಮಸ್ಕಾರ. ಟೂತ್‌ಪೇಸ್ಟ್ ಪೆಟ್ಟಿಗೆಯ ಮೇಲೆ ಬೇವು, ಲವಂಗ, ಗ್ರೀನ್ ಟೀ ಎಂದೆಲ್ಲ ಬರೆದಿರುತ್ತದೆ. ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದೂ ಇರುತ್ತದೆ. ಕೊಂದದ್ದು ಬಾಯಲ್ಲೋ, ಗಾಜಿನ ತಟ್ಟೆಯಲ್ಲೋ? ಇವತ್ತು ಆ ಪರೀಕ್ಷೆಗಳ ಬಗ್ಗೆ ಮಾತಾಡೋಣ.

ಎಲೆಯನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಎಥನಾಲ್‌ನಲ್ಲೋ ನೆನೆಹಾಕುತ್ತಾರೆ. ಸೋಸಿ, ದ್ರಾವಕವನ್ನು ಆವಿ ಮಾಡಿದರೆ ಸಾರ ಉಳಿಯುತ್ತದೆ. ಎಥನಾಲ್‌ಗೆ ಇಳಿಯುವ ಅಂಶ ನೀರಿಗೆ ಇಳಿಯದೇ ಇರಬಹುದು. ಹಾಗಾಗಿ ಸುಮ್ನೆ 'ಬೇವಿನ ಸಾರ' ಅಂದರೆ ಸಾಲದು.

ಮುಂದೆ ಅಗಾರ್ ತಟ್ಟೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಜೆಲ್ಲಿಯಂಥ ಆಹಾರ ತುಂಬಿದ ಗಾಜಿನ ತಟ್ಟೆ. ಹಲ್ಲು ಹುಳುಕಾಗಲು ಮುಖ್ಯ ಕಾರಣಗಳಲ್ಲಿ ಒಂದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಗುರುತಿಸಿದ ಬ್ಯಾಕ್ಟೀರಿಯಾ ಇದು. ಇದನ್ನು ತಟ್ಟೆಯಲ್ಲಿ ಹರಡಿ, ಸಣ್ಣ ಗುಂಡಿ ಕೊರೆದು ಸಾರ ಹಾಕುತ್ತಾರೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಟ್ಟಾಗ ಗುಂಡಿಯ ಸುತ್ತ ಏನೂ ಬೆಳೆಯದ ಬಳೆ ಮೂಡಿದರೆ, ಅದರ ಅಗಲ ಅಳೆಯುತ್ತಾರೆ. ಪಕ್ಕದಲ್ಲಿ ಇನ್ನೆರಡು ಗುಂಡಿ ಇರಲೇಬೇಕು. ಒಂದರಲ್ಲಿ ಮೌತ್‌ವಾಶ್‌ಗೆ ಬಳಸುವ ಕ್ಲೋರ್‌ಹೆಕ್ಸಿಡಿನ್, ಇನ್ನೊಂದರಲ್ಲಿ ಬರೀ ದ್ರಾವಕ. ಬರೀ ದ್ರಾವಕವೇ ಬಳೆ ಮೂಡಿಸಿದರೆ ಎಲೆಗೆ ಯಾಕೆ ಶಹಬ್ಬಾಸ್‌ಗಿರಿ, ಅಲ್ವಾ?

ಬಳೆ ದೊಡ್ಡದಾದರೆ ಸಾರ ಜಾಸ್ತಿ ಪ್ರಬಲ ಎಂದೂ ಅಲ್ಲ. ದೊಡ್ಡ ಅಣುಗಳು ಅಗಾರ್‌ನಲ್ಲಿ ದೂರ ಹರಡುವುದಿಲ್ಲ. ಅದಕ್ಕೇ ಸಾರವನ್ನು ಪ್ರತಿ ಸಲ ಅರ್ಧಕ್ಕೆ ತೆಳು ಮಾಡುತ್ತಾ ಹೋಗಿ, ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ ಹುಡುಕುತ್ತಾರೆ. ನನಗೆ ಬಳೆಗಿಂತ ಈ ಅಂಕಿಯ ಮೇಲೇ ನಂಬಿಕೆ. ಅದೂ ಪೂರ್ತಿ ಅಲ್ಲ. ಬಾಯಲ್ಲಿ ಬ್ಯಾಕ್ಟೀರಿಯಾ ಒಂಟಿಯಾಗಿ ತೇಲುತ್ತಾ ಇರುವುದಿಲ್ಲ. ಹಲ್ಲಿಗೆ ಅಂಟಿದ ಪದರದೊಳಗೆ ಗುಂಪಾಗಿ ಕೂತಿರುತ್ತದೆ. ಅಲ್ಲಿ ಅದನ್ನು ಕೊಲ್ಲಲು ಕೆಲವೊಮ್ಮೆ ನೂರು ಪಟ್ಟು, ಸಾವಿರ ಪಟ್ಟು ಮದ್ದು ಬೇಕಾಗುತ್ತದೆ. ಇತ್ತ ಜೊಲ್ಲು ಬಂದ ಮದ್ದನ್ನು ತೊಳೆದು ಹಾಕುತ್ತಿರುತ್ತದೆ. ಕ್ಲೋರ್‌ಹೆಕ್ಸಿಡಿನ್‌ನ ಗುಟ್ಟು ಇಲ್ಲೇ ಇದೆ: ಅದು ಬಾಯಿಯ ಒಳಮೈಗೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ ಎನ್ನುವುದೇ ಗಿಡಮೂಲಿಕೆಯ ಹುಡುಕಾಟಕ್ಕೆ ಒಂದು ಕಾರಣ. ತಮಾಷೆಯೆಂದರೆ, ಟ್ಯಾನಿನ್ ಎಂಬ ಒಗರಿನ ಅಂಶ ಇರುವ ಸಾರಗಳೂ ಕಲೆ ಮಾಡಬಲ್ಲವು.

ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಪರೀಕ್ಷೆ, ಅಂದರೆ ಜೀವಕೋಶ ಕೆಡಿಸುವ ಚುರುಕು ಅಣುಗಳನ್ನು ಸಾರ ತಣಿಸುತ್ತದೆಯೇ ಎಂದು ನೋಡುವುದು. ಇದು ನೋಡಲು ಚೆಂದ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಾರ ಬೆರೆಸಿದರೆ ಬಣ್ಣ ಹಳದಿಗೆ ತಿರುಗುತ್ತದೆ. 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದು ವಿಟಮಿನ್ ಸಿ ಜೊತೆ ಹೋಲಿಸುತ್ತಾರೆ. ಆದರೆ ಇದು ಪ್ರಯೋಗದ ನಳಿಕೆಯೊಳಗಿನ ರಸಾಯನ ಕ್ರಿಯೆ ಅಷ್ಟೆ. ಊದಿದ ವಸಡು ಇದರಿಂದ ಇಳಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಹಾಗೆ ಹೇಳಬೇಕಾದರೆ ಮೊದಲು ವಸಡಿನ ಜೀವಕೋಶಗಳಿಗೆ ಸಾರ ಹಾನಿ ಮಾಡುತ್ತದೆಯೇ ಎಂದು ನೋಡಬೇಕು. ಆಮೇಲೆ ಜನರ ಬಾಯಲ್ಲೇ, ಸಾರ ಇಲ್ಲದ ಪೇಸ್ಟ್ ಜೊತೆ ಹೋಲಿಸಿ ಪರೀಕ್ಷಿಸಬೇಕು. ಹೆಚ್ಚಿನ ಸಾರಗಳು ಅಲ್ಲಿಯವರೆಗೆ ಬರುವುದೇ ಇಲ್ಲ. ಹಾಗಾಗಿ ಪೇಸ್ಟ್ ಕೊಳ್ಳುವಾಗ ಎಲೆಯ ಚಿತ್ರ ಬಿಡಿ. ಹುಳುಕು ತಡೆಯುತ್ತದೆ ಎಂದು ಜನರ ಬಾಯಲ್ಲೇ ಸಾಬೀತಾದ ಫ್ಲೋರೈಡ್ ಅದರಲ್ಲಿದೆಯೇ ಎಂದು ಮೊದಲು ನೋಡಿ.