ನನಗೆ ಹಸಿವು, ಹಾಸನಕ್ಕೆ ಬಸ್ಸು: ಫ್ರೆಂಚ್ ವರ್ತಮಾನ ಕಾಲ, ಕನ್ನಡದ ದಾರಿಯಲ್ಲಿ

[ದೃಶ್ಯ: ಚಿಕ್ಕಮಗಳೂರಿನಿಂದ ಹಾಸನಕ್ಕೆ ಹೊರಟ ಬಸ್ಸಿನ ಕಿಟಕಿ ಸೀಟು. ಮಡಿಲಲ್ಲಿ ನೋಟ್‌ಬುಕ್.]

ನಮಸ್ಕಾರ. ನಾನು ಫ್ರೆಂಚ್ ಕಲಿತದ್ದು ಹೆಚ್ಚಾಗಿ ಈ ಬಸ್ಸಿನಲ್ಲೇ. ವಾರಕ್ಕೆ ಎರಡು ದಿನ ಹಾಸನದಲ್ಲಿ ತರಗತಿ. ಹೋಗುವಾಗ ಓದು, ಬರುವಾಗ ನಿದ್ದೆ.

ಮೊದಲ ದಿನವೇ ಮಾನ ಹೋಯಿತು. ಮೇಡಂ ವಯಸ್ಸು ಕೇಳಿದರು. ನಾನು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿಕೊಂಡು, ಪದಕ್ಕೆ ಪದ ಜೋಡಿಸಿ, 'ಜ ಸ್ವಿ ವ್ಯಾಂತ್ ದೊ' ಎಂದೆ. 'ನಾನೇ ಇಪ್ಪತ್ತೆರಡು' ಎಂದಂತಾಯಿತು. 'ಹಾಗಾದರೆ ಪಕ್ಕದಲ್ಲಿ ಕುಳಿತವರು ಇಪ್ಪತ್ತಮೂರೇ?' ಎಂದು ಮೇಡಂ ಕೇಳಿದಾಗ ಇಡೀ ತರಗತಿ ನಕ್ಕಿತು.

ಸರಿಯಾದ ವಾಕ್ಯ: 'ಜೇ ವ್ಯಾಂತ್ ದೊ ಜಾಂ'. ನನ್ನ ಬಳಿ ಇಪ್ಪತ್ತೆರಡು ವರ್ಷಗಳಿವೆ ಎಂದು ಅದರ ಅಕ್ಷರಾರ್ಥ. ವಿಚಿತ್ರ ಎನಿಸುತ್ತದೆಯೇ? ಕನ್ನಡದಲ್ಲಿ ಹೇಳಿ ನೋಡಿ: ನನಗೆ ಇಪ್ಪತ್ತೆರಡು ವರ್ಷ.

[ಪರದೆಯ ಮೇಲೆ: ನನಗೆ = ಜೇ]

ಈ 'ನನಗೆ' ನನ್ನ ಕೈಹಿಡಿಯಿತು. ನನಗೆ ಹಸಿವು: ಜೇ ಫ್ಯಾಂ. ನನಗೆ ಬಾಯಾರಿಕೆ: ಜೇ ಸ್ವಾಫ್. ನನಗೆ ಭಯ: ಜೇ ಪೆರ್. ನನಗೆ ಇಬ್ಬರು ಅಕ್ಕಂದಿರು: ಜೇ ದೊ ಸೆರ್. ಡಿಸೆಂಬರಿನಲ್ಲಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನಿಂತು ಹಲ್ಲು ಕಟಕಟಿಸುವಾಗ 'ಜೇ ಫ್ರ್ವಾ' ಎನ್ನಬೇಕು. ಅಪ್ಪಿತಪ್ಪಿ 'ಜ ಸ್ವಿ ಫ್ರ್ವಾ' ಎಂದರೆ, ನಾನು ಒಣ ಸ್ವಭಾವದವನು, ನನ್ನ ಹತ್ತಿರ ಬರಬೇಡಿ ಎಂದಂತೆ.

ಎಲ್ಲ 'ನನಗೆ'ಗಳೂ ಹೀಗಲ್ಲ. ನನಗೆ ಗೊತ್ತು ಎನ್ನಲು 'ಜ ಸೇ', ನನಗೆ ಕಾಫಿ ಇಷ್ಟ ಎನ್ನಲು 'ಜೇಮ್ ಲ ಕಾಫೇ'. ಅವುಗಳಿಗೆ ಬೇರೆಯೇ ಕ್ರಿಯಾಪದಗಳಿವೆ. ವಯಸ್ಸು, ಒಡಹುಟ್ಟಿದವರು, ಭಯ, ಮೈಗೆ ಆಗುವ ಹಸಿವು, ನಿದ್ದೆ, ಚಳಿ: ಇವುಗಳಿಗೆ ಮಾತ್ರ ಈ ಸೂತ್ರವನ್ನು ಧೈರ್ಯವಾಗಿ ನಂಬಿ.

ಅಂದಹಾಗೆ, ಈ 'ಜ' ನಮ್ಮ ಜಡೆಯ 'ಜ' ಅಲ್ಲ. 'ಶ' ಎನ್ನುತ್ತಲೇ ಗಂಟಲನ್ನು ಕಂಪಿಸಿದರೆ ಆ ಸದ್ದು ಬರುತ್ತದೆ. ಬಸ್ಸಿನಲ್ಲಿ ಅಭ್ಯಾಸ ಮಾಡಬೇಡಿ, ಪಕ್ಕದವರು ಎದ್ದು ಹೋಗುತ್ತಾರೆ.

ಈಗ ಕ್ರಿಯಾಪದದ ರೂಪಗಳು. ಫ್ರೆಂಚಿನ ಹತ್ತರಲ್ಲಿ ಸುಮಾರು ಒಂಬತ್ತು ಕ್ರಿಯಾಪದಗಳು 'ಪಾರ್ಲೇ', ಅಂದರೆ ಮಾತನಾಡು, ಎಂಬ ಪದದ ಹಾಗೆಯೇ ನಡೆಯುತ್ತವೆ.

[ಪರದೆಯ ಮೇಲೆ: ಜ ಪಾರ್ಲ್ (ನಾನು), ತ್ಯು ಪಾರ್ಲ್ (ನೀನು), ಇಲ್ ಪಾರ್ಲ್ (ಅವನು), ನೂ ಪಾರ್ಲೋಂ (ನಾವು), ವೂ ಪಾರ್ಲೇ (ನೀವು), ಇಲ್ ಪಾರ್ಲ್ (ಅವರು)]

ಬರೆಯುವಾಗ ಕೊನೆಯ ಅಕ್ಷರಗಳು ಬದಲಾಗುತ್ತವೆ, ಆದರೆ ಕಿವಿಗೆ ಆರರಲ್ಲಿ ನಾಲ್ಕು ಒಂದೇ. ನಮ್ಮಲ್ಲಿ 'ಮಾತನಾಡುತ್ತೇನೆ' ಎಂದರೆ ಸಾಕು, 'ನಾನು' ಎಂದು ಹೇಳಬೇಕಾಗಿಲ್ಲ. ಕನ್ನಡದ ಕ್ರಿಯಾಪದದ ಬಾಲದಲ್ಲೇ ಆಳು ಕುಳಿತಿರುತ್ತಾನೆ. ಫ್ರೆಂಚಿನ ಬಾಲ ಹೆಚ್ಚಿನ ಕಡೆ ಸದ್ದು ಮಾಡುವುದಿಲ್ಲ, ಹಾಗಾಗಿ ಆಳನ್ನು ಮುಂದೆ ನಿಲ್ಲಿಸಲೇಬೇಕು. 'ತ್ಯು' ನಮ್ಮ ನೀನು, 'ವೂ' ನಮ್ಮ ನೀವು. ಇದನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ.

[ದೃಶ್ಯ: ಕಂಡಕ್ಟರ್ ಟಿಕೆಟ್ ಕೊಡುತ್ತಿದ್ದಾರೆ.]

'ಎಲ್ಲಿಗೆ?' ಎಂದು ಕಂಡಕ್ಟರ್ ಕೇಳುತ್ತಾರೆ. 'ಎಲ್ಲಿ' ಬೇರೆ, 'ಎಲ್ಲಿಗೆ' ಬೇರೆ. ಫ್ರೆಂಚಿನಲ್ಲಿ ಎರಡಕ್ಕೂ ಒಂದೇ ಪದ: 'ಊ'. ಉತ್ತರದಲ್ಲೂ ಅದೇ ಕಥೆ. ಹಾಸನದಲ್ಲಿ ಎನ್ನಲೂ ಹಾಸನಕ್ಕೆ ಎನ್ನಲೂ ಒಂದೇ 'ಆ'. ನಮ್ಮ ಪ್ರತ್ಯಯ ಊರಿನ ಬೆನ್ನಿಗೆ ಅಂಟುತ್ತದೆ, ಅವರದು ಊರಿನ ಮುಂದೆ ನಿಲ್ಲುತ್ತದೆ.

ಜಬೀತ್ ಆ ಹಾಸನ: ಹಾಸನದಲ್ಲಿ ವಾಸವಾಗಿದ್ದೇನೆ. ಜ ವೇ ಆ ಹಾಸನ: ಹಾಸನಕ್ಕೆ ಹೋಗುತ್ತೇನೆ. ಇದ್ದೀರೋ ಹೋಗುತ್ತೀರೋ ಎಂಬುದನ್ನು ಕ್ರಿಯಾಪದವೇ ಹೇಳಬೇಕು. ಪುಸ್ತಕಗಳು ಕ್ರಿಯಾಪದಕ್ಕೊಂದು ಪಾಠ, ಈ ಸಣ್ಣ ಪದಗಳಿಗೊಂದು ಪಾಠ ಎಂದು ಬೇರೆ ಮಾಡುತ್ತವೆ. ನನಗೆ ಅದು ತಪ್ಪೆನಿಸುತ್ತದೆ. ಜೋಡಿಯಾಗಿಯೇ ಬಾಯಿಪಾಠ ಮಾಡಿ. 'ಇಂದ' ಬೇಕಾದರೆ 'ದ': ಜ ವ್ಯಾಂ ದ ಬೇಲೂರು, ಬೇಲೂರಿನಿಂದ ಬರುತ್ತೇನೆ.

ಪುಲ್ಲಿಂಗ ಪದದ ಮುಂದೆ 'ಆ' ಮತ್ತು 'ಲ' (ಇಂಗ್ಲಿಷಿನ 'the' ಇದ್ದ ಹಾಗೆ) ಸೇರಿ 'ಓ' ಆಗುತ್ತದೆ. ಸಂಧಿ ಎಂದುಕೊಳ್ಳಿ. ಮಾರುಕಟ್ಟೆಗೆ: ಓ ಮಾರ್ಶೇ. ಸ್ತ್ರೀಲಿಂಗದಲ್ಲಿ ಸಂಧಿಯಿಲ್ಲ. ರೈಲು ನಿಲ್ದಾಣಕ್ಕೆ: ಆ ಲಾ ಗಾರ್. ದೇಶಗಳ ಹೆಸರಿಗೂ ಲಿಂಗವಿದೆ, ಅದಕ್ಕೆ ಇನ್ನೊಂದು ವಿಡಿಯೋ ಬೇಕು.

ಮನುಷ್ಯರ ಬಳಿ ಹೋಗುವಾಗ 'ಆ' ಸಲ್ಲದು, 'ಶೇ' ಬೇಕು. ಇಂಗ್ಲಿಷಿನಿಂದ ಬಂದವರು ಇಲ್ಲಿ ಎಡವುತ್ತಾರೆ. ನಮ್ಮ ಅಜ್ಜಿಯನ್ನು ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದರು: ಆಸ್ಪತ್ರೆಗೆ ಹೋಗುತ್ತೇನೆ, ಆದರೆ ಡಾಕ್ಟರ ಹತ್ತಿರ ಹೋಗುತ್ತೇನೆ. ಆ 'ಹತ್ತಿರ'ವೇ 'ಶೇ'. 'ಶೇ ಮ್ವಾ' ಎಂದರೆ ನಮ್ಮ ಮನೆಯಲ್ಲಿ, ನಮ್ಮ ಮನೆಗೆ.

ಕಡೆಯದಾಗಿ 'ದಪ್ವಿ', ಅಂದರೆ ಕಾಲ ಹೇಳುವಾಗಿನ 'ಇಂದ'. 'ಮೂರು ವರ್ಷದಿಂದ ಹಾಸನದಲ್ಲಿದ್ದೇನೆ' ಎನ್ನುವಾಗ ನಾವು ಸರಳ ವರ್ತಮಾನವನ್ನೇ ಬಳಸುತ್ತೇವೆ. ಫ್ರೆಂಚರೂ ಅಷ್ಟೇ: ಜಬೀತ್ ಆ ಹಾಸನ ದಪ್ವಿ ತ್ರ್ವಾ ಜಾಂ. ನಡುವೆ ಇಂಗ್ಲಿಷನ್ನು ತಂದರೆ ಬೇಡದ ಕಾಲವೊಂದು ಬಂದು ಕುಳಿತುಕೊಳ್ಳುತ್ತದೆ.

[ದೃಶ್ಯ: ಹಾಸನ ಬಸ್ ನಿಲ್ದಾಣ.]

ಹಾಸನ ಬಂತು. ಬೆಳಿಗ್ಗೆ ಏನೂ ತಿಂದಿಲ್ಲ. ಜೇ ಫ್ಯಾಂ.