ವಾರ ಶುರುವಾಗುವುದು ಸೋಮವಾರ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಹಾಸನದ ಕಾಲೇಜೊಂದರಲ್ಲಿ, ವಿದೇಶಕ್ಕೆ ಓದಲು ಹೊರಡುವ ಮಕ್ಕಳ ಕಾಗದಪತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಸಕಲೇಶಪುರದ ತೋಟದ ಮನೆಯಲ್ಲೋ ಅರಸೀಕೆರೆಯ ತೆಂಗಿನ ತೋಟದಲ್ಲೋ ರೇಡಿಯೊ ಹಚ್ಚಿ ಕುಳಿತಿರುವ, ಮಗನಿಗಾಗಿ ಇಲ್ಲವೇ ಮಗಳಿಗಾಗಿ ಶಿಕ್ಷಣ ಸಾಲದ ಅರ್ಜಿ ತುಂಬುತ್ತಿರುವ ತಂದೆತಾಯಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ನನ್ನ ಕೋಣೆಗೆ ಬಂದವರು ಕೇಳುವ ಮೊದಲ ಪ್ರಶ್ನೆ, "ಅಲ್ಲಿ ಓದುತ್ತಲೇ ತಿಂಗಳಿಗೆ ಎಷ್ಟು ದುಡಿಯಬಹುದು ಸಾರ್?" ಎಂಬುದು. ದಯವಿಟ್ಟು ತಪ್ಪು ತಿಳಿಯಬೇಡಿ, ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು ಎಂದು ಮೊದಲು ಕೇಳಿ.

ವಿದ್ಯಾರ್ಥಿ ವೀಸಾ ಕೊಡುವುದು ಓದಲಿಕ್ಕೆ. ಅರೆಕಾಲಿಕ ದುಡಿಮೆಗೆ ಅದರಲ್ಲಿ ಅಳೆದು ಕೊಟ್ಟ ಅವಕಾಶವಷ್ಟೇ ಇರುತ್ತದೆ. ಬ್ರಿಟನ್ನಿನಲ್ಲಿ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ. ಕೆನಡಾದಲ್ಲಿ 2024ರ ನವೆಂಬರಿನಿಂದ ಕಾಲೇಜಿನ ಹೊರಗಿನ ಕೆಲಸಕ್ಕೆ ವಾರಕ್ಕೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಹದಿನಾಲ್ಕು ದಿನಕ್ಕೆ 48 ಗಂಟೆ. ವಾರದ ಲೆಕ್ಕ ಹಿಡಿಯುವ ಬ್ರಿಟನ್ನಿನಂಥ ದೇಶಗಳಲ್ಲಿ ಒಂದು ವಾರ ಉಳಿದ ಗಂಟೆ ಮುಂದಿನ ವಾರದ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನು ನೀವು ಬೇರೆಲ್ಲ ಮರೆತರೂ ನೆನಪಿಡಬೇಕು. ಹೇಮಾವತಿ ನಾಲೆಯ ನೀರಿನ ಸರದಿ ನಿಮಗೆ ಗೊತ್ತಿರುವುದೇ. ನಿಮ್ಮ ಸರದಿಯಲ್ಲಿ ನೀವು ಗದ್ದೆಗೆ ನೀರು ಕಟ್ಟದೆ ನೆಂಟರ ಮನೆಗೆ ಹೋಗಿದ್ದರೆ, ಆ ನೀರನ್ನು ಮುಂದಿನ ಸರದಿಗೆ ಕೂಡಿಸಿ ಕೊಡು ಎಂದು ನೀರುಗಂಟಿಯನ್ನು ಕೇಳಲು ಬರುತ್ತದೆಯೇ?

ಇಂಗ್ಲೆಂಡಿಗೆ ಎಂಎಸ್ಸಿ ಓದಲು ಹೋದ, ಆಲೂರು ತಾಲ್ಲೂಕಿನ ಹುಡುಗನೊಬ್ಬನಿಗೆ ಇದು ಹೇಗೆ ಅರ್ಥವಾಯಿತು ಎಂಬುದನ್ನು ಹೇಳುತ್ತೇನೆ. ಒಂದು ಅಂಗಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಒಂದು ವಾರ ಸೋಮವಾರದಿಂದ ಶನಿವಾರದೊಳಗೆ ಅವನ 20 ಗಂಟೆ ಮುಗಿದಿತ್ತು. ಭಾನುವಾರ ಬೆಳಿಗ್ಗೆ ಮಾಲೀಕರು ಫೋನು ಮಾಡಿ, ಇನ್ನೊಬ್ಬ ಕೆಲಸದವನಿಗೆ ಜ್ವರ, ಆರು ಗಂಟೆ ಬಂದು ಹೋಗು ಎಂದರು. ಹುಡುಗ ಗೋಡೆಯತ್ತ ನೋಡಿದ. ಅಲ್ಲಿದ್ದದ್ದು ಅವನ ತಾಯಿ ಪೆಟ್ಟಿಗೆಯ ತಳದಲ್ಲಿ, ಚಟ್ನಿಪುಡಿಯ ಪಕ್ಕ ಸುತ್ತಿಟ್ಟು ಕಳಿಸಿದ್ದ ಕನ್ನಡ ಕ್ಯಾಲೆಂಡರು. ಏಕಾದಶಿ, ಅಮಾವಾಸ್ಯೆ, ರಾಹುಕಾಲ ಎಲ್ಲವೂ ಇರುವಂಥದ್ದು. ಅದರಲ್ಲಿ ವಾರದ ಮೊದಲ ಸಾಲು ಕೆಂಪು ಅಕ್ಷರದ ಭಾನುವಾರ. ಭಾನುವಾರಕ್ಕೆ ಹೊಸ ವಾರ ಹುಟ್ಟಿತು, ಹೊಸ 20 ಗಂಟೆ ಬಂತು ಎಂದುಕೊಂಡು ಹೊರಟೇಬಿಟ್ಟ. ಆದರೆ ಬ್ರಿಟನ್ನಿನ ವೀಸಾ ನಿಯಮದಲ್ಲಿ ವಾರವೆಂದರೆ ಸೋಮವಾರದಿಂದ ಭಾನುವಾರದವರೆಗೆ. ಅವನ ಲೆಕ್ಕ 26 ಗಂಟೆಯಾಗಿತ್ತು.

ಸಂಬಳದ ಪಟ್ಟಿ ಮಾಡುವಾಗ ಅಂಗಡಿಯ ಲೆಕ್ಕಿಗರ ಕಣ್ಣಿಗೆ ಅದು ಬಿತ್ತು. ಅಲ್ಲಿ ನಿಯಮ ಮೀರಿ ದುಡಿಸಿಕೊಂಡ ಮಾಲೀಕರಿಗೆ 2024ರಿಂದ ಮೊದಲ ತಪ್ಪಿಗೇ ಒಬ್ಬ ಕೆಲಸಗಾರನಿಗೆ 45,000 ಪೌಂಡುಗಳವರೆಗೆ ದಂಡ ಹಾಕಬಹುದು. ಕರೆದವರು ತಾವೇ ಎಂಬುದನ್ನು ಮರೆತು ಮಾಲೀಕರು ಅವನನ್ನು ಅಂದೇ ಕೆಲಸದಿಂದ ಬಿಡಿಸಿದರು. ನಮ್ಮ ಗಡಿಯಾರದಲ್ಲಿ ರಾತ್ರಿ ಒಂದು ಗಂಟೆಯಾಗಿದ್ದಾಗ ಹುಡುಗ ನನಗೆ ಫೋನು ಮಾಡಿದ. "ಸಾರ್, ಹಿಂದಿನ ವಾರ ನಾನು 12 ಗಂಟೆ ಮಾತ್ರ ಮಾಡಿದ್ದೆ, ಸರಾಸರಿ ತೆಗೆದರೆ 19 ಬರುತ್ತದೆ" ಎಂದು ವಾದಿಸಿದ. ಇಂಜಿನಿಯರಿಂಗ್ ಮುಗಿಸಿದ ಹುಡುಗನಲ್ಲವೇ, ಸರಾಸರಿ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು! ನಾನು ಮೊದಲು ಬೈದೆ. ಅನಂತರ, ಬೆಳಗಾಗುತ್ತಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಸಲಹಾ ಕಚೇರಿಗೆ ಹೋಗಿ ನಡೆದದ್ದನ್ನು ನೀನೇ ಹೇಳು ಎಂದೆ. ಹೋಗಿ ಹೇಳಿದ. ಓದು ಉಳಿಯಿತು. ಇನ್ನೊಂದು ಕೆಲಸ ಸಿಗಲು ಎರಡು ತಿಂಗಳು ಹಿಡಿಯಿತು, ಅಷ್ಟರಲ್ಲಿ ಊರಿನಲ್ಲಿ ಅವನ ತಂದೆ ಒಳ್ಳೆಯ ಬೆಲೆಗೆಂದು ಕಾದಿಟ್ಟಿದ್ದ ಕಾಳುಮೆಣಸಿನ ಮೂಟೆಗಳನ್ನು ಸಿಕ್ಕ ಬೆಲೆಗೆ ಕೊಡಬೇಕಾಯಿತು.

ನನಗೆ ಕೊಟ್ಟಿರುವ ಸಮಯದಲ್ಲಿ ಹೆಚ್ಚಿನದನ್ನು ಆ ಹುಡುಗನೇ ತಿಂದುಬಿಟ್ಟ. ಉಳಿದದ್ದನ್ನು ಬೇಗ ಹೇಳುತ್ತೇನೆ. ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು ನಿಜ, ಆದರೆ ಬ್ರಿಟನ್ನಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಓದಿನವರಿಗೆ ಬೇಸಿಗೆಯ ತಿಂಗಳುಗಳು ರಜೆಯಲ್ಲ. ಪ್ರಬಂಧ ಬರೆಯುವ ಆ ಕಾಲವೂ ಓದಿನ ಅವಧಿಯೇ, ಆಗಲೂ ವಾರಕ್ಕೆ 20 ಗಂಟೆಯೇ. ಎರಡು ಕಡೆ ಕೆಲಸ ಮಾಡಿದರೆ ಎರಡರ ಗಂಟೆಗಳನ್ನೂ ಕೂಡಿಸಬೇಕು. ಕೈಗೆ ನಗದು ಕೊಟ್ಟರೂ ಅದು ದುಡಿಮೆಯೇ. ಸೈಕಲ್ಲಿನಲ್ಲಿ ಊಟ ತಲುಪಿಸುವ ಕೆಲಸ ಸುಲಭವೆಂದು ಕಾಣುತ್ತದೆ; ಅಲ್ಲಿ ಅದನ್ನು ಸಾಮಾನ್ಯವಾಗಿ ಸ್ವಂತ ಉದ್ಯೋಗವೆಂದು ಎಣಿಸುತ್ತಾರೆ, ವಿದ್ಯಾರ್ಥಿ ವೀಸಾದವರಿಗೆ ಸ್ವಂತ ಉದ್ಯೋಗ ನಿಷಿದ್ಧ. ಅಮೆರಿಕದಲ್ಲಿ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಅದೂ ವಿಶ್ವವಿದ್ಯಾಲಯದ ಆವರಣದೊಳಗೆ. ಅನುಮತಿಯಿಲ್ಲದೆ ಹೊರಗಿನ ಹೋಟೆಲಿನಲ್ಲಿ ಒಂದು ದಿನ ತಟ್ಟೆ ತೊಳೆದರೂ ವೀಸಾ ನಿಯಮ ಮುರಿದಂತೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಜರ್ಮನಿಯಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು. ಆದರೂ ಅದೇ ದೇಶ ವೀಸಾ ಕೊಡುವ ಮೊದಲೇ ಒಂದು ವರ್ಷದ ಖರ್ಚಿಗೆಂದು 11,904 ಯೂರೊಗಳನ್ನು ಖಾತೆಯೊಂದರಲ್ಲಿ ಇಡಿಸಿ, ತಿಂಗಳಿಗೆ ಇಷ್ಟೇ ಎಂದು ಬಿಡಿಸಿಕೊಳ್ಳಲು ಕೊಡುತ್ತದೆ. ಮಗು ಅಲ್ಲಿ ದುಡಿದು ಶುಲ್ಕ ಕಟ್ಟುತ್ತದೆ ಎಂಬ ನಂಬಿಕೆಯ ಮೇಲೆ ಸಾಲದ ಅರ್ಜಿ ತುಂಬಿದ್ದರೆ, ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮೊದಲು ಆ ಲೆಕ್ಕವನ್ನು ಇನ್ನೊಮ್ಮೆ ಹಾಕಿ. ಕ್ಯಾಲೆಂಡರು ಕಳಿಸುವ ತಾಯಂದಿರು ಅಗತ್ಯವಾಗಿ ಕಳಿಸಿ, ಭಾನುವಾರದ ಸಾಲನ್ನು ಕತ್ತರಿಸಿ ಶನಿವಾರದ ಕೆಳಗೆ ಅಂಟಿಸಿ ಕಳಿಸಿ. ನಮಸ್ಕಾರ.