ತುಮಕೂರಿನಲ್ಲಿ ಡೀಪ್ ಪರ್ಪಲ್

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ಮೊದಲೇ ಹೇಳಿಬಿಡುತ್ತೇನೆ, ಇವತ್ತು ಯಾವ ಹಾಡನ್ನೂ ಜೋರಾಗಿ ಹಾಕುವುದಿಲ್ಲ. ಸುಮ್ನೆ ಮಾತು ಅಷ್ಟೇ.

ಡೀಪ್ ಪರ್ಪಲ್ ಇಂಗ್ಲೆಂಡಿನ ರಾಕ್ ಬ್ಯಾಂಡು. 1968ರಲ್ಲಿ ಶುರುವಾಯಿತು. 1976ರಲ್ಲಿ ಒಡೆಯಿತು, 1984ರಲ್ಲಿ ಮತ್ತೆ ಕೂಡಿತು. ಎಷ್ಟೋ ಜನ ಬಂದರು, ಹೋದರು. ಮೊದಲಿನಿಂದ ಇವತ್ತಿನವರೆಗೆ ಎಲ್ಲ ತಂಡಗಳಲ್ಲೂ ಇರುವವರು ಡ್ರಮ್ಸ್ ಬಾರಿಸುವ ಇಯನ್ ಪೇಸ್ ಒಬ್ಬರೇ. ನಾನು ಬಿ.ಎಚ್. ರಸ್ತೆ ಹಿಂದಿನ ಗಲ್ಲಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವನು. ಜೊತೆಗೆ ಕ್ಯಾಸೆಟ್ ತುಂಬಿಸಿಕೊಡುತ್ತಿದ್ದೆ. ಈ ಬ್ಯಾಂಡಿನ ಹುಚ್ಚು ನನಗೆ ಹಿಡಿದದ್ದು ಆ ಅಂಗಡಿಯಲ್ಲೇ.

ಅಭಿಮಾನಿ ಅಂದರೆ ಕಟೌಟಿಗೆ ಹಾಲು ಸುರಿಯುವವನು, ಶಿಳ್ಳೆ ಹೊಡೆಯುವವನು ಅನ್ನುತ್ತಾರೆ. ಅದೂ ಇದೆ, ಇರಲಿ. ಆದರೆ ಅಭಿಮಾನಿಗೆ ಒಂದು ಕೆಲಸವೂ ಇದೆ. ಕೇಳುವುದು, ಮತ್ತೆ ಕೇಳುವುದು, ಕೇಳಿದ್ದನ್ನು ಹಾಳಾಗದ ಹಾಗೆ ಇನ್ನೊಬ್ಬರ ಕೈಗೆ ದಾಟಿಸುವುದು. ನನ್ನ ಮಾತೆಲ್ಲ ಆ ಕೆಲಸದ ಬಗ್ಗೆ.

ನಮ್ಮ ಊರಿಗೆ ಈ ಸಂಗೀತ ಹೇಗೆ ಬಂತು? ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲಿಗೆ ಹೊರರಾಜ್ಯದ ಹುಡುಗರು ಬಂದರಲ್ಲ, ಅವರ ಟ್ರಂಕಿನಲ್ಲಿ ಬಂತು. ಪ್ಲೇಯರ್ ಕೆಟ್ಟಾಗ ನನ್ನ ಹತ್ತಿರ ತರುತ್ತಿದ್ದರು, ಒಳಗೆ ಕ್ಯಾಸೆಟ್ ಹಾಗೇ ಇರುತ್ತಿತ್ತು. ರಿಪೇರಿ ಆಯಿತಾ ಅಂತ ನೋಡಲು ಅದನ್ನೇ ಹಾಕಬೇಕಲ್ವಾ?

1972ರ ಆಗಸ್ಟ್‌ನಲ್ಲಿ ಒಸಾಕ ಮತ್ತು ಟೋಕಿಯೊದಲ್ಲಿ ಅವರು ಕೊಟ್ಟ ಕಾರ್ಯಕ್ರಮಗಳ ರೆಕಾರ್ಡಿಂಗ್ ಒಂದಿದೆ, ‘ಮೇಡ್ ಇನ್ ಜಪಾನ್’ ಅಂತ. ಎರಡು ಎಲ್‌ಪಿ ತಟ್ಟೆ, ಸುಮಾರು 76 ನಿಮಿಷ. ನೈಂಟಿ ಕ್ಯಾಸೆಟ್ಟಿಗೆ, ಅಂದರೆ ತೊಂಬತ್ತು ನಿಮಿಷದ್ದಕ್ಕೆ, ತುಂಬಿಸಿದರೆ ಎರಡೂ ಕಡೆ ಕೊನೆಗೆ ಒಂದಿಷ್ಟು ನಿಮಿಷ ಖಾಲಿ ಉಳಿಯುತ್ತಿತ್ತು. ಖಾಲಿ ಬಿಟ್ಟರೆ ಗಿರಾಕಿ ಬೈಯುತ್ತಾನೆ. ಆ ಜಾಗಕ್ಕೆ ನಾನು ಕೈಗೆ ಸಿಕ್ಕ ಭಾವಗೀತೆ ತುಂಬಿಸಿ ಕಳಿಸುತ್ತಿದ್ದೆ. ನಮ್ಮ ಊರಿನ ಒಂದಷ್ಟು ಜನರಿಗೆ ಡೀಪ್ ಪರ್ಪಲ್ ಮುಗಿದ ಕೂಡಲೇ ಭಾವಗೀತೆ ಬರದಿದ್ದರೆ ಇವತ್ತಿಗೂ ಏನೋ ಕಳಕೊಂಡ ಹಾಗೆ ಆಗುತ್ತದಂತೆ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದ ಹಾಗೆಲ್ಲ ಸದ್ದು ಸೊರಗುತ್ತದೆ. ಮೊದಲು ಡ್ರಮ್ಸಿನ ಕಂಚಿನ ತಾಳದ ಚುರುಕು ಹೋಗುತ್ತದೆ, ಆಮೇಲೆ ಬರೀ ಸ್‌ಸ್‌ಸ್ ಅನ್ನುವ ಹಿಸ್ಸು. ಅದಕ್ಕೇ ಪ್ರತಿ ಸಲ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ, ಟೇಪನ್ನು ಓದುವ ಹೆಡ್ ಒರೆಸಬೇಕು. ಹೆಡ್ಡಿನ ಪಕ್ಕದ ಸ್ಕ್ರೂವನ್ನು ಆ ಕ್ಯಾಸೆಟ್ಟಿಗೆ ಸರಿಯಾಗಿ ತಿರುಗಿಸಿ ಸದ್ದು ಬಿಚ್ಚಿಕೊಳ್ಳುವ ಜಾಗ ಹುಡುಕಬೇಕು. ಗಿರಾಕಿಗೆ ಇದು ಕಾಣುವುದಿಲ್ಲ. ಯಾರು ಯಾರ ಮೂಲದಿಂದ ಇಳಿಸಿದರು ಅನ್ನುವುದನ್ನು ನಾವು ಗೋತ್ರ ವಿಚಾರಿಸಿದಂತೆ ವಿಚಾರಿಸುತ್ತಿದ್ದೆವು. ಕಾನೂನಿನ ಲೆಕ್ಕದಲ್ಲಿ ಇದು ಕಳ್ಳತನವೇ. ಬ್ಯಾಂಡಿಗೆ ಒಂದು ಪೈಸೆ ಹೋಗಲಿಲ್ಲ. ಅದನ್ನು ಸಿಂಗರಿಸಿ ಹೇಳುವುದರಲ್ಲಿ ಅರ್ಥವಿಲ್ಲ. ದುಡ್ಡು ಕೊಟ್ಟು ಕೊಳ್ಳುವ ದಾರಿಯೂ ನಮ್ಮ ಊರಲ್ಲಿ ಇರಲಿಲ್ಲ, ಅದೂ ನಿಜವೇ.

ಒಂದು ಸಂಜೆಯ ಮಾತು ಹೇಳಬೇಕು. ಗುಬ್ಬಿ ಕಡೆಯ ಹಾರ್ಮೋನಿಯಂ ಮೇಷ್ಟ್ರೊಬ್ಬರು ರೇಡಿಯೋ ಒಯ್ಯಲು ಬಂದಿದ್ದರು. ಕಂಪನಿ ನಾಟಕಗಳಿಗೆ ಕಾಲು ಹಾರ್ಮೋನಿಯಂ ನುಡಿಸಿದವರು. ಆಗ ಟೇಪಿನಲ್ಲಿ ಇಪ್ಪತ್ತು ನಿಮಿಷದ ಹತ್ತಿರದ ಹಾಡು ಓಡುತ್ತಿತ್ತು. ಹಾಸ್ಟೆಲ್ ಹುಡುಗರು ಗಿಟಾರ್ ಹೇಗಿದೆ ನೋಡಿ ಅಂತ ಕುಣಿಯುತ್ತಿದ್ದರು. ಮೇಷ್ಟ್ರು ಸ್ವಲ್ಪ ಹೊತ್ತು ತಲೆ ಬಗ್ಗಿಸಿ ಕೂತರು. ಆಮೇಲೆ ಕೇಳಿದರು: “ಯಾರಪ್ಪಾ ಇವನು, ಪೆಟ್ಟಿಗೆ ನುಡಿಸೋನು?”

ಹುಡುಗರು ನಕ್ಕರು. “ಪೆಟ್ಟಿಗೆ ಅಲ್ಲ ಸಾರ್, ಗಿಟಾರು.”

“ಗಿಟಾರು ಆಗಲೇ ನಿಂತೋಯ್ತಲ್ಲೋ. ಎಡಗೈ ಕೇಳಿಸ್ತಿಲ್ವಾ ನಿಮಗೆ?”

ಮೇಷ್ಟ್ರ ಮಾತೇ ಸರಿ. ಅದು ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್. ಸಾಮಾನ್ಯವಾಗಿ ಹ್ಯಾಮಂಡಿಗೆ ಲೆಸ್ಲಿ ಅಂತ ಒಳಗೆ ತಿರುಗುವ ಸ್ಪೀಕರ್ ಜೋಡಿಸುತ್ತಾರೆ. ಲಾರ್ಡ್ ಅದನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿದರು. ಆರ್ಗನ್ನಿನ ಸದ್ದು ಗೊಗ್ಗರಾಗಿ, ಗಿಟಾರಿನ ಎದುರು ಎದೆ ಕೊಟ್ಟು ನಿಲ್ಲುವ ಹಾಗಾಯಿತು. ಅವರು ಮತ್ತು ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ವೇದಿಕೆಯಲ್ಲಿ ಸವಾಲು ಜವಾಬು ಆಡುತ್ತಿದ್ದದ್ದು ಅದರಿಂದಲೇ. ಚರ್ಚಿನಲ್ಲಿ ಮೆಲ್ಲಗೆ ನುಡಿಯಬೇಕಾದ ವಾದ್ಯ ಅದು. ಹಾರ್ಮೋನಿಯಂ ಕೂಡ ಪರದೇಶದಿಂದ ಬಂದದ್ದೇ ತಾನೆ? 1940ರಲ್ಲಿ ಆಕಾಶವಾಣಿಯವರು ಅದಕ್ಕೆ ನಿಷೇಧ ಹಾಕಿದರೂ ನಮ್ಮ ನಾಟಕದವರು ಬಿಡಲಿಲ್ಲ. ಮೇಷ್ಟ್ರು ಆಮೇಲೆ ಆಗಾಗ ಬರುತ್ತಿದ್ದರು. ಹಾಡುಗಾರಿಕೆ ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. “ಅವನ್ಯಾಕೆ ಹಂಗೆ ಕಿರುಚ್ತಾನೆ” ಅನ್ನುತ್ತಿದ್ದರು. ಪೆಟ್ಟಿಗೆ ಮಾತ್ರ ಕೇಳಿ ಹೋಗುತ್ತಿದ್ದರು.

ಹೀಗೆ ಒಂದು ಗುಂಪಾಯಿತು. ಗ್ಯಾರೇಜಿನ ಇಬ್ಬರು, ಒಬ್ಬ ಬ್ಯಾಂಕಿನವರು, ಹಾಸ್ಟೆಲಿನವರು, ಮತ್ತೆ ಒಬ್ಬ ನರ್ಸ್ ಅಕ್ಕ. ನಮ್ಮೆಲ್ಲರಿಗಿಂತ ಜಾಸ್ತಿ ತಿಳಿದಿದ್ದವರು ಅವರೇ. ಡೀಪ್ ಪರ್ಪಲ್ ಅಭಿಮಾನಿಗಳು ಪ್ರಪಂಚದಲ್ಲೆಲ್ಲ ಈ ಬ್ಯಾಂಡಿನ ತಂಡಗಳಿಗೆ ಮಾರ್ಕ್ ಒನ್, ಮಾರ್ಕ್ ಟೂ ಅಂತ ನಂಬರ್ ಕೊಟ್ಟು ಮಾತಾಡುತ್ತಾರೆ. ಅಕ್ಕನ ನೋಟ್‌ಬುಕ್ಕಿನಲ್ಲಿ ಯಾವ ಮಾರ್ಕಿನಲ್ಲಿ ಯಾರಿದ್ದರು, ಯಾವ ರೆಕಾರ್ಡು ಬಂತು, ಎಲ್ಲ ಇತ್ತು. ಜಗಳ ಹತ್ತಿದರೆ ತೀರ್ಪು ಆ ನೋಟ್‌ಬುಕ್ಕಿನದೇ.

2001ರಲ್ಲಿ ಬ್ಯಾಂಡು ಬೆಂಗಳೂರಿಗೇ ಬಂತು. ಎಪ್ಪತ್ತು ಕಿಲೋಮೀಟರ್ ದೂರ! ಆದರೆ ಅಷ್ಟು ಹೊತ್ತಿಗೆ ಬ್ಲ್ಯಾಕ್‌ಮೋರ್ ಬಿಟ್ಟುಹೋಗಿದ್ದರು, ಗಿಟಾರಿಗೆ ಸ್ಟೀವ್ ಮೋರ್ಸ್ ಇದ್ದರು. “ಬ್ಲ್ಯಾಕ್‌ಮೋರ್ ಇಲ್ದೆ ಏನು ನೋಡೋದು” ಅಂತ ಗ್ಯಾರೇಜಿನವರಲ್ಲಿ ಒಬ್ಬ ಬರಲೇ ಇಲ್ಲ. ಅಕ್ಕನಿಗೆ ಬರುವ ಆಸೆ ಬೆಟ್ಟದಷ್ಟಿತ್ತು. ರಾತ್ರಿ ವಾಪಸ್ ಬರುವುದು ಹೇಗೆ, ಮನೆಯಲ್ಲಿ ಏನು ಹೇಳುವುದು? ಬರಲಾಗಲಿಲ್ಲ. ನಾವು ಗಂಡಸರು ಹೋಗಿ ಬಂದೆವು. ರಾಕ್ ಸಂಗೀತ ಅಂದರೆ ಬಿಡುಗಡೆ ಅಂತ ದೊಡ್ಡ ಮಾತಾಡುವವರನ್ನು ಕಂಡಾಗ ನನಗೆ ಅಕ್ಕನದೇ ನೆನಪು. ಆ ಕಾರ್ಯಕ್ರಮದಲ್ಲಿ ಲಾರ್ಡ್ ಇದ್ದರು. ಮರುವರ್ಷ ಅವರೂ ಬ್ಯಾಂಡ್ ಬಿಟ್ಟರು. 2012ರ ಜುಲೈನಲ್ಲಿ ತೀರಿಕೊಂಡರು.

ಲಾರ್ಡ್ ವಿಷಯ ಬಂದ ಮೇಲೆ ಈ ಕತೆ ಹೇಳದೆ ಇರಲಾಗದು. 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬ್ಯಾಂಡಿನವರು ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ನುಡಿಸಿದರು. ರಾಕ್ ಬ್ಯಾಂಡಿಗೂ ಆರ್ಕೆಸ್ಟ್ರಾಗೂ ಸೇರಿಸಿ ಲಾರ್ಡ್ ಬರೆದ ದೊಡ್ಡ ಕೃತಿ. ಮರುವರ್ಷ ಅಮೆರಿಕದಲ್ಲಿ ಇನ್ನೊಮ್ಮೆ ನುಡಿಸಿದರು. ಆಮೇಲೆ ಅದರ ಸ್ವರಲಿಪಿ ಕಳೆದೇಹೋಯಿತು. ಪಿಟೀಲಿಗೆ ಏನು, ಕೊಳಲಿಗೆ ಏನು, ತುತ್ತೂರಿಗೆ ಏನು ಅಂತ ಬರೆದಿದ್ದ ಅಷ್ಟೂ ಹಾಳೆ. ಬರೆದವರ ಹತ್ತಿರವೂ ಇಲ್ಲ.

ಹಾಲೆಂಡಿನಲ್ಲಿ ಮಾರ್ಕೊ ಡ ಗೂಯ್ ಅಂತ ಒಬ್ಬರು. ಸ್ವತಃ ಸಂಗೀತ ರಚಿಸುವವರು, ಈ ಬ್ಯಾಂಡಿನ ಅಭಿಮಾನಿ. ಅವರು ಹಳೆಯ ರೆಕಾರ್ಡಿಂಗ್ ಕೇಳಿ ಕೇಳಿ, ಕಾರ್ಯಕ್ರಮದ ವಿಡಿಯೋ ನೋಡಿ ನೋಡಿ, ಆ ಸ್ವರಲಿಪಿಯನ್ನು ಮತ್ತೆ ಬರೆದರು. ಇದು ಎಂಥ ಕೆಲಸ ಅಂತ ಟೇಪಿನ ಜೊತೆ ಬದುಕಿದ ನನಗೆ ಸ್ವಲ್ಪ ಅಂದಾಜಿದೆ. ಡ್ರಮ್ಸ್ ಬಡಿಯುವಾಗ ಅದರ ಕೆಳಗೆ ಎರಡನೇ ಸಾಲಿನ ಪಿಟೀಲು ಏನು ಮಾಡುತ್ತಿದೆ? ಕೇಳಿಸುವುದೇ ಇಲ್ಲ. ಹಿಂದಕ್ಕೆ ಓಡಿಸು, ಮತ್ತೆ ಹಾಕು, ಮತ್ತೆ ಓಡಿಸು. ಲಾರ್ಡ್ ಮತ್ತು ಕಂಡಕ್ಟರ್ ಪಾಲ್ ಮ್ಯಾನ್ ಅದರ ಮೇಲೆ ಕೂತು ತಿದ್ದಿ ಪೂರ್ತಿ ಮಾಡಿದರು. 1999ರ ಸೆಪ್ಟೆಂಬರ್‌ನಲ್ಲಿ ಅದೇ ಹಾಲ್‌ನಲ್ಲಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ, ಕೃತಿ ಮತ್ತೆ ಮೊಳಗಿತು. ಒಬ್ಬ ಅಭಿಮಾನಿಯ ಕಿವಿಯಿಂದ ವಾಪಸ್ ಬಂದ ಸಂಗೀತ ಅದು.

ಕನ್ನಡದವರಿಗೆ ಇದೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ಅವರಿಗೆ ನಾನು ನಮ್ಮ ಮಹಾರಾಜರನ್ನೇ ತೋರಿಸುತ್ತೇನೆ. ಜಯಚಾಮರಾಜೇಂದ್ರ ಒಡೆಯರು 94 ಕೃತಿ ರಚಿಸಿದ ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಅವರೇ ಲಂಡನ್ನಿನಲ್ಲಿ ಕಾಯಿಲೆ, ಬಡತನದಲ್ಲಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ಸಂಗೀತಕ್ಕೆ ಮನಸೋತರು. 1940ರ ದಶಕದ ಕೊನೆಯಲ್ಲಿ, ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ಪಿಯಾನೊದಲ್ಲಿ ನುಡಿಸಿ ರೆಕಾರ್ಡ್ ಮಾಡುವುದಕ್ಕೆ ದುಡ್ಡು ಕೊಟ್ಟರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಬೆರಳಿನ ಸದ್ದು ಇವತ್ತೂ ಕೇಳಲು ಸಿಗುತ್ತಿರುವುದಕ್ಕೆ ಮೈಸೂರಿನ ದುಡ್ಡೂ ಕಾರಣ. ಅರಮನೆಯ ಅಭಿಮಾನಿ ಅರಮನೆಯ ಅಳತೆಗೆ ಮಾಡಿದರು, ಗಲ್ಲಿಯವರು ಗಲ್ಲಿಯ ಅಳತೆಗೆ.

ಈಗ ನಮ್ಮ ಗುಂಪಿನಲ್ಲಿ ಉಳಿದವರು ಕಡಿಮೆ. ಡೀಪ್ ಪರ್ಪಲ್ಲನ್ನು ನಾವು ಕಾಯಬೇಕಾಗಿಯೂ ಇಲ್ಲ, ಮೊಬೈಲ್ ತೆಗೆದರೆ ಎಲ್ಲ ಸಿಗುತ್ತದೆ. ಸಿಗದೆ ಇರುವುದು ಆ ಮೇಷ್ಟ್ರ ಹಾರ್ಮೋನಿಯಂ. ಜಾತ್ರೆ ನಾಟಕಗಳನ್ನು ಎಷ್ಟೋ ಜನ ರಾತ್ರಿಯಿಡೀ ಟೇಪ್ ಮಾಡಿಕೊಂಡಿದ್ದರು. ಅವೆಲ್ಲ ಅಟ್ಟದ ಮೇಲಿವೆ. ನನ್ನ ಹತ್ತಿರ ಒಂದು ಒಳ್ಳೆ ಡೆಕ್ ಇನ್ನೂ ಓಡುತ್ತಿದೆ, ಕಂಪ್ಯೂಟರಿಗೆ ಇಳಿಸಲು ಅಕ್ಕನ ಮಗ ನೆರವಾಗುತ್ತಾನೆ. ನಿಮ್ಮ ಮನೆಯಲ್ಲಿ ಅಂಥ ಕ್ಯಾಸೆಟ್ ಇದ್ದರೆ ತನ್ನಿ. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಲ್ಲಿ ಇಣುಕಿ ನೋಡಿದಾಗ ಟೇಪಿನ ಅಂಚಿಗೆ ಬಿಳಿ ಬೂಷ್ಟು ಕಂಡರೆ ದಯವಿಟ್ಟು ಪ್ಲೇಯರಿಗೆ ಹಾಕಬೇಡಿ. ಟೇಪ್ ಅಂಟಿಕೊಂಡು ಹರಿಯುತ್ತದೆ, ಬೂಷ್ಟು ಹೆಡ್ಡಿಗೂ ಹತ್ತುತ್ತದೆ. ಬಿಸಿಲಿಗೂ ಇಡಬೇಡಿ. ಹಾಗೇ ಪೇಪರಿನಲ್ಲಿ ಸುತ್ತಿ ತನ್ನಿ, ಬಿಚ್ಚಿ ಒರೆಸುವುದು ನನ್ನ ಕೆಲಸ.

ಪ್ರಶ್ನೆಗಳಿದ್ದರೆ ಕೇಳಿ. ಬ್ಲ್ಯಾಕ್‌ಮೋರ್ ಯಾಕೆ ಬಿಟ್ಟುಹೋದರು ಅನ್ನೋದೊಂದು ಬಿಟ್ಟು. ಅದನ್ನು ಶುರು ಮಾಡಿದರೆ ಹಾಲ್‌ನವರು ದೀಪ ಆರಿಸಿಬಿಡುತ್ತಾರೆ.